ಮೈದುನನ ಬಾಣಂತನ

ನಮ್ಮತ್ತೆ ಮಾಡುವ ಬಾಣಂತನ ಮಾಲೂರು ಸೀಮೆಯಲ್ಲೆಲ್ಲ ಹೆಸರಾಗಿತ್ತು. ಶಿವಾರಪಟ್ಟಣದಿಂದ, ಮಾಸ್ತಿ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದು ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಅವರ ಕೈಯಲ್ಲಿ ನೀರು ಹಾಕಿಸಿಕೊಂಡ ಹೆಂಗಸು ಮೂರು ತಿಂಗಳು ಕಳೆದು ಹೊರಗೆ ಬಂದರೆ ಗುರುತೇ ಸಿಗುತ್ತಿರಲಿಲ್ಲ. ಕೆನ್ನೆ ತುಂಬಿ, ಸೊಂಟ ಗಟ್ಟಿಯಾಗಿ, ಇನ್ನೊಂದು ಸಲ ಮದುವೆ ಮಾಡಿಕೊಡಬಹುದು ಅನ್ನುವ ಹಾಗಿರುತ್ತಿದ್ದಳು.

ನನ್ನ ಮೊದಲ ಹೆರಿಗೆ ಮುಳಬಾಗಿಲಿನ ತವರಿನಲ್ಲಿ ಆಯಿತು. ತಾಯಿ ಇಲ್ಲದ ತವರು. ಚಿಕ್ಕಮ್ಮ ಉಗುರುಬೆಚ್ಚಗಿನ ನೀರನ್ನು ನಾಲ್ಕು ಚೊಂಬು ಸುರಿದು, "ಚಾಲು, ಲೇ" ಅನ್ನುತ್ತಿದ್ದಳು. ಸಾಕು, ಏಳು ಅಂತ. ನಮ್ಮ ಕಡೆ ತೆಲುಗು ಜಾಸ್ತಿ. ಆ ಎರಡು ಮಾತು ಮಾತ್ರ ನನಗೆ ಇವತ್ತಿಗೂ ಸೇರುವುದಿಲ್ಲ. ಆ ಹೆರಿಗೆ ಆದಮೇಲೆ ವರ್ಷವೆಲ್ಲ ಸೊಂಟ ಹಿಡಿದುಕೊಂಡೇ ಓಡಾಡಿದೆ.

ಅದಕ್ಕೇ ಎರಡನೆಯದು ನಿಂತಾಗ ಅತ್ತೆ, "ಈ ಸಲ ಎಲ್ಲಿಗೂ ಹೋಗ್ಬೇಡ ಕಣೇ. ನಾನೇ ಮಾಡ್ತೀನಿ. ಮೂರು ತಿಂಗಳು ನೀನು ಕಾಲು ಕೆಳಗಿಡೋ ಹಾಗಿಲ್ಲ" ಅಂದದ್ದೇ ನನಗೆ ಹಬ್ಬವಾಯಿತು. ಊರೂರಿನ ಹೆಂಗಸರಿಗೆ ಮಾಡಿದ್ದನ್ನು ಇನ್ನು ನನಗೆ ಮಾಡುತ್ತಾರೆ. ಅವರು ಆರು ತಿಂಗಳಿಂದ ಬೆಣ್ಣೆ ಕಾಯಿಸಿ ತುಪ್ಪ ಕೂಡಿಟ್ಟರು. ಕೊಬ್ಬರಿ ಬಂತು, ಮೆಣಸು ಬಂತು, ಬೆಳ್ಳುಳ್ಳಿಯ ಜಡೆಗಳು ಅಟ್ಟದಿಂದ ನೇತಾಡಿದವು. ನಾನು ಬಸುರಿ ಹೊಟ್ಟೆ ಹೊತ್ತುಕೊಂಡು ಕೆಳಗೆ ನಿಂತು ಆ ಜಡೆಗಳನ್ನು ನೋಡುತ್ತಿದ್ದೆ. ಒಡವೆ ಅಂಗಡಿಯಲ್ಲೂ ಯಾರೂ ಹಾಗೆ ನೋಡಿರಲಾರರು.

ಮಗು ಹುಟ್ಟಿತು, ಹೆಣ್ಣು ಮಗು. ಅದಕ್ಕೆ ಸರಿಯಾಗಿ ನನ್ನ ಮೈದುನ ಪಂದ್ಯಕ್ಕೆ ಹೆಸರು ಕೊಟ್ಟು ಬಂದ.

ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಮನಸ್ಸು ಬಂದರೆ ಊರು ಸೇರಿದವು, ಇಲ್ಲದಿದ್ದರೆ ದಾರಿಯಲ್ಲೇ ಕೂತವು. ನಮ್ಮದು ಹಿಪ್ಪುನೇರಳೆ ತೋಟ, ಮನೆ ತುಂಬ ರೇಷ್ಮೆ ಹುಳ. ಗೂಡಿನ ಬೆಲೆ ವಿಚಾರಿಸಿಕೊಂಡು ಬರಲು ನನ್ನ ಯಜಮಾನರ ತಮ್ಮ ಬಸ್ಸಿಗೆ ಕಾಯದೆ ಕೋಲಾರಕ್ಕೆ ಓಡಿಯೇ ಹೋಗಿ ಓಡಿಯೇ ಬರುತ್ತಿದ್ದ. ಅವನಿಗಿನ್ನೂ ಮದುವೆಯಾಗಿರಲಿಲ್ಲ. ತೆಳ್ಳಗೆ, ಉದ್ದಕ್ಕೆ, ಯಾವಾಗಲೂ ನಗುವ ಹುಡುಗ. ಅತ್ತೆಗೆ ಕಡೇ ಮಗ ಅನ್ನುವ ಪ್ರೀತಿ ಬೇರೆ. ಇವನ ಓಟ ನೋಡಿದ ಕೋಲಾರದ ರೇಷ್ಮೆ ವ್ಯಾಪಾರಿಗಳು, ಆ ವರ್ಷ ಕೈತುಂಬ ಲಾಭ ಬಂದಿದ್ದರಿಂದ, ಒಂದು ಓಟದ ಪಂದ್ಯವನ್ನೇ ಇಟ್ಟರು. ಕೋಲಾರದಿಂದ ಹೊರಟು ಮುಳಬಾಗಿಲು, ಅಲ್ಲಿಂದ ಶ್ರೀನಿವಾಸಪುರ, ಅಲ್ಲಿಂದ ತಿರುಗಿ ಕೋಲಾರ. ಗಾಡಿ ಎತ್ತುಗಳೇ ನಡುವೆ ಒಂದು ರಾತ್ರಿ ತಂಗುವಂಥ ದಾರಿ. ಅದನ್ನು ಒಂದೇ ಹಗಲಲ್ಲಿ ಓಡಬೇಕು. ಗೆದ್ದವನಿಗೆ ಬೆಳ್ಳಿ ಕಪ್ಪು.

"ಅಮ್ಮಾ, ಮೈಗೆ ಸ್ವಲ್ಪ ಬಲ ಬೇಕು" ಅಂದ ಅವನು ಅಡುಗೆಮನೆ ಹೊಸ್ತಿಲ ಮೇಲೆ ಕೂತು.

"ಬೇಕಪ್ಪಾ, ಬೇಕು" ಅಂದರು ಅತ್ತೆ.

ನಾನು ಪಕ್ಕದ ಬಾಣಂತಿ ಕೋಣೆಯಲ್ಲಿ ಮಲಗಿದ್ದೆ. ಕತ್ತಲೆಯ ಕೋಣೆ. ಮಂಚದ ಕೆಳಗೆ ಕೆಂಡ, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಹತ್ತಿ ಇದ್ದರೂ ತುಪ್ಪದ ಗಡಿಗೆಯ ಮುಚ್ಚಳ ತೆಗೆದ ಸದ್ದು ಚೆನ್ನಾಗಿಯೇ ಕೇಳಿಸಿತು. ಅವತ್ತು ಮಧ್ಯಾಹ್ನ ನನ್ನ ಮೆಣಸಿನ ಸಾರಿನ ಮೇಲೆ ತುಪ್ಪ ತೇಲಲಿಲ್ಲ. ಅಲ್ಲೊಂದು ಇಲ್ಲೊಂದು ಕಣ್ಣು ಬಿಟ್ಟಿತ್ತು ಅಷ್ಟೆ.

"ಅತ್ತೆಮ್ಮಾ, ತುಪ್ಪ ಕಮ್ಮಿ ಆಯ್ತಾ?"

"ಇಲ್ಲಮ್ಮಾ, ಎಲ್ಲಾರ್ಗೂ ಆಗ್ಬೇಕಲ್ವಾ."

ಆಚೆ ಅವನು ಮುದ್ದೆ ಮುರಿದು ತುಪ್ಪದಲ್ಲಿ ಹೊರಳಿಸಿ ನುಂಗುತ್ತಿದ್ದ. ಆಮೇಲೆ ತೇಗಿದ. ಆ ತೇಗು ನನ್ನ ಹೊಟ್ಟೆಯಿಂದ ಬರಬೇಕಿತ್ತು.

ಪಂದ್ಯ ನಡೆದದ್ದು ಮಾಘದ ಚಳಿಯಲ್ಲಿ. ನನ್ನ ಯಜಮಾನರು ಸೈಕಲ್ಲಿನಲ್ಲಿ ತಮ್ಮನ ಹಿಂದೆಯೇ ಹೋಗಿದ್ದರು. ದಾರಿಯ ಕಥೆಯನ್ನೆಲ್ಲ ಆಮೇಲೆ ಅವರೇ ಹೇಳಿದ್ದು. ಹೊರಟವರಲ್ಲಿ ಅರ್ಧ ಜನ ಮುಳಬಾಗಿಲು ತಲುಪುವಷ್ಟರಲ್ಲೇ ಕೂತರಂತೆ. ಇವನು ಅಲ್ಲಿ ಒಂದು ಚೊಂಬು ಮಜ್ಜಿಗೆ ಕುಡಿದು, ಊರು ದಾಟುವ ಮೊದಲೇ ವಾಂತಿ ಮಾಡಿಕೊಂಡು, ಬಾಯಿ ಒರೆಸಿಕೊಂಡು ಓಡಿದನಂತೆ. ಶ್ರೀನಿವಾಸಪುರದ ಮಾವಿನ ತೋಪುಗಳು ಹೂ ಬಿಟ್ಟಿದ್ದವಂತೆ. ಆ ವಾಸನೆಗೇ ಇವನಿಗೆ ಹೊಟ್ಟೆ ತೊಳಸಿತಂತೆ. ಬೆಲ್ಲದ ಚೂರು ಕೊಟ್ಟರೆ ಬಾಯಲ್ಲಿಟ್ಟುಕೊಂಡ, ನುಂಗಲಾರ, ಉಗಿಯಲಾರ. ಕಡೆಕಡೆಗೆ ಅಣ್ಣನನ್ನೇ ನೋಡಿ, "ಯಾರಪ್ಪಾ ನೀನು? ಕೋಲಾರಕ್ಕೆ ಇದೇ ದಾರೀನಾ?" ಅಂದನಂತೆ. ಹೀಗೆ ಮೈಮೇಲೆ ಎಚ್ಚರವಿಲ್ಲದೆ ಓಡಿಯೂ ಎಲ್ಲರಿಗಿಂತ ಮೊದಲು ಕೋಲಾರ ಮುಟ್ಟಿದ.

ಮಾರನೆಯ ದಿನ ಅವನನ್ನು ಗಾಡಿಯಲ್ಲಿ ಕೂರಿಸಿಕೊಂಡು ತಮಟೆ ಬಡಿದುಕೊಂಡು ಊರಿಗೆ ಕರೆತಂದರು. ಆ ಹೊತ್ತಿಗೆ ನನ್ನ ಸ್ನಾನ ನಡೆದಿತ್ತು. ಬಚ್ಚಲಲ್ಲಿ ಮಣೆಯ ಮೇಲೆ ಕೂತಿದ್ದೆ. ಮೈಗೆಲ್ಲ ಹರಳೆಣ್ಣೆ ತಿಕ್ಕಿ ಅತ್ತೆ ಆಗತಾನೆ ತಲೆಗೆ ಸೀಗೆಪುಡಿ ಹಾಕಿದ್ದರು. ತಮಟೆ ಸದ್ದು ಕೇಳಿದ್ದೇ ತಡ, "ಬಂದ ಕಣೇ ನನ್ನ ಮಗ" ಅಂತ ಚೊಂಬನ್ನು ಹಂಡೆಯ ಬಾಯಿಗಿಟ್ಟು ಸೀಗೆಯ ಕೈಯಲ್ಲೇ ಹೊರಗೆ ಓಡಿದರು.

ನಾನು ಕಣ್ಣು ಮುಚ್ಚಿಕೊಂಡು ಕಾದೆ. ಸೀಗೆ ಕಣ್ಣಿಗಿಳಿದು ಉರಿಯಿತು. ಹೊರಗೆ ಯಾರೋ "ಹಾರ ಸರಿಯಾಗಿ ಹಾಕ್ರೋ" ಅನ್ನುತ್ತಿದ್ದರು. ಬಚ್ಚಲ ಒಲೆಯಲ್ಲಿ ಸೌದೆ ಆರಿತು. ಮೈಮೇಲಿನ ನೀರು ತಣ್ಣಗಾಗಿ ಹಲ್ಲು ಕಟಕಟ ಅಂದವು. ಆಮೇಲೆ ನಾನೇ ತಡವಿಕೊಂಡು ಚೊಂಬು ಹುಡುಕಿ ತಲೆಗೆ ಸುರಿದುಕೊಂಡೆ. ಹೆರುವಾಗ ಒಂದು ರಾತ್ರಿ ಒಂದು ಹಗಲು ಒದ್ದಾಡಿದ್ದೆ. ನನಗೆ ಯಾರೂ ತಮಟೆ ಬಡಿದಿರಲಿಲ್ಲ. ಬಡಿಯಲಿ ಅಂತಲೂ ಇರಲಿಲ್ಲ. ತಲೆಯ ಸೀಗೆ ತೊಳೆದು ಹೋಗಿದ್ದರೆ ಸಾಕಿತ್ತು.

ಅವತ್ತಿನಿಂದ ಗೋಡೆಯ ಆಚೆ ಅವನು, ಈಚೆ ನಾನು. ಹುಳ ಸಾಕುವ ಪಡಸಾಲೆ ಆಗ ಖಾಲಿ ಇತ್ತು. ತಟ್ಟೆಗಳನ್ನು ತೊಳೆದು ಗೋಡೆಗೆ ಒರಗಿಸಿ ಅವನಿಗೆ ಅಲ್ಲೇ ಹಾಸಿದ್ದರು. ಮೊದಲ ದಿನ ಊಟದ ತಟ್ಟೆ ಕಂಡರೆ ಮುಖ ತಿರುಗಿಸಿದ. ಮೂತ್ರ ಕಾಫಿ ಕಷಾಯದ ಬಣ್ಣ ಬಂದಿದೆ ಅಂತ ನನ್ನ ಯಜಮಾನರು ಬಂದು ಪಿಸುಗುಟ್ಟಿದರು. ಎರಡನೆಯ ದಿನದಿಂದ ಹಸಿವು ಶುರುವಾಯಿತು. ಎಂಥ ಹಸಿವು! ಗೂಡು ಕಟ್ಟುವ ಮುಂಚೆ ರೇಷ್ಮೆ ಹುಳ ಸೊಪ್ಪು ಮೇಯುವಾಗ ಮನೆ ತುಂಬ ಸೋನೆ ಮಳೆಯ ಸದ್ದು ಬರುತ್ತದಲ್ಲ, ಹಾಗೆ ತಿಂದ. ತಿಂದಷ್ಟೂ ಇಳಿದ. ಕೂತಲ್ಲೇ ಬೆವರಿದ, ಬೆವರಿದ ಮೇಲೆ ನಡುಗಿದ. "ಅಮ್ಮಾ, ಮೈಯೊಳಗೆ ಏನೋ ಖಾಲಿ ಖಾಲಿ" ಅಂದ.

ಗೋಡೆಯ ಈಚೆ ನನಗೆ ಮೈ ಉರಿಯಿತು. ಯಾಕೆಂದರೆ ಅದೆಲ್ಲ ನನ್ನದು. ಆ ಹಸಿವು ನನ್ನದು. ಬೆವರಿ ನಡುಗುವುದು ನನ್ನದು. ಖಾಲಿ ಖಾಲಿ ಅನ್ನುವ ಮಾತನ್ನು ನಾನೇ ಎರಡು ದಿನದ ಹಿಂದೆ ಅತ್ತೆಗೆ ಹೇಳಿದ್ದೆ. ಅವರು "ಆಗ್ತದೆ ಬಿಡು" ಅಂದಿದ್ದರು. ಈಗ ಮಗ ಹೇಳಿದರೆ, "ಅಯ್ಯೋ ನನ್ನಪ್ಪಾ" ಅಂತ ಅವನ ಕಾಲು ಒತ್ತುತ್ತ ಕೂತರು. ತುಪ್ಪ ಹೋಗಲಿ, ನನ್ನ ಮೈಯ ನೋವುಗಳನ್ನೂ ಅವನು ಎತ್ತಿಕೊಂಡು ಹೋದ ಹಾಗಿತ್ತು.

ಆಮೇಲೆ ಅವನು ಸೀನಲು ಶುರುಮಾಡಿದ. ಗಂಟಲು ಕಟ್ಟಿತು, ಜ್ವರ ಬಂತು. ನಮ್ಮ ಮನೆಯಲ್ಲಿ ನೆಗಡಿ ಜ್ವರ ಎಲ್ಲರಿಗೂ ಬರುತ್ತದೆ, ಮೂರು ದಿನಕ್ಕೆ ಹೋಗುತ್ತದೆ. ಇವನದು ಹೋಗಲಿಲ್ಲ. ಬಾಯಿ ತುಂಬ ಹುಣ್ಣು. ದಾರಿಯಲ್ಲಿ ಹಿಮ್ಮಡಿಗೆ ಮುಳ್ಳು ತರಚಿದ ಗಾಯ ಒಣಗುವ ಬದಲು ಕೀವು ತುಂಬಿತು. ಕಂಕುಳಲ್ಲಿ ಕುರು ಎದ್ದಿತು. ಮಾಘದ ಗಾಳಿಯಲ್ಲಿ ಏನೇನು ಓಡಾಡುತ್ತಿತ್ತೋ ಎಲ್ಲವೂ ಅವನಲ್ಲೇ ಬಂದು ಇಳಿದುಕೊಂಡವು.

ಅತ್ತೆ ಲಂಕಣ ಹಾಕಿದರು. ಜ್ವರ ಬಂದರೆ ಅನ್ನ ನಿಲ್ಲಿಸಿ ಉಪವಾಸ ಕೆಡವುವುದಕ್ಕೆ ನಮ್ಮಲ್ಲಿ ಲಂಕಣ ಅನ್ನುತ್ತಾರೆ. ಶುಂಠಿ ಹಾಕಿ ಕುದಿಸಿದ ನೀರು, ಅದು ಬಿಟ್ಟರೆ ಹುರಿದ ಅಕ್ಕಿಯ ಗಂಜಿತಿಳಿ. ಜ್ವರ ಬಿಟ್ಟಿತು ಅನ್ನುವಷ್ಟರಲ್ಲಿ ಮತ್ತೆ ಬಂತು. ಮತ್ತೆ ಲಂಕಣ.

ನನ್ನ ಯಜಮಾನರು ಗಾಡಿ ಕಟ್ಟಿ ಅವನನ್ನು ಮಾಲೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಎದೆ ಬೆನ್ನು ನೋಡಿ, ಕುರುವಿಗೆ ಮುಲಾಮು ಕೊಟ್ಟು, ಸೀಸೆ ತುಂಬ ಕೆಂಪು ಔಷಧಿ ಕೊಟ್ಟು ಕಳಿಸಿದರು.

"ಏನಂದ್ರೋ?" ಅಂದರು ಅತ್ತೆ.

"ಒಲೇಲಿ ಸೌದೆ ಮುಗಿದ ಮೇಲೆ ಮನೆ ತೊಲೇನೇ ಇಳಿಸಿ ಉರಿಸ್ಕೊಂಡವನೆ ಇವನು, ಅಂದ್ರು. ಅಷ್ಟು ದೂರ ಓಡಿದಾಗ ಮೈಯಲ್ಲಿರೋ ಕೊಬ್ಬು ಮುಗಿದು ಮಾಂಸಾನೇ ಕರಗಿ ಹೋಗ್ತದಂತೆ. ರೋಗ ತಡೆಯೋ ಶಕ್ತೀನೂ ಅದರ ಜೊತೇಲೇ ಕುಗ್ಗುತ್ತಂತೆ. ಉಪವಾಸ ಬೇಡ, ಅನ್ನ ಕೊಡಿ, ಹಾಲು ಮೊಟ್ಟೆ ಕೊಡಿ ಅಂದ್ರು."

ಅತ್ತೆ ನಕ್ಕರು. "ಜ್ವರಕ್ಕೆ ಅನ್ನ ಕೊಡು ಅನ್ನೋ ಡಾಕ್ಟ್ರು! ಹುಳ ಪೊರೆ ಬಿಡೋವಾಗ ತಲೆ ಎತ್ತಿ ಕೂತಿರ್ತವಲ್ಲ, ಅವಾಗ ಸೊಪ್ಪು ಹಾಕ್ತೀಯೇನೋ? ಹಾಕಿದ್ರೆ ಉಳೀತವಾ? ಮೈ ಕಾದಾಗ ಹೊಟ್ಟೆ ಬರಿದಿರ್ಬೇಕು. ಹುಟ್ಟಿದಾಗ್ಲಿಂದ ಹುಳ ಸಾಕ್ತಿದೀನಿ, ನನಗೆ ಗೊತ್ತಿಲ್ವಾ?"

"ಇವನು ಹುಳ ಅಲ್ಲಮ್ಮಾ."

"ನೀನು ಸುಮ್ನಿರು."

ಹುಳದ ವಿಷಯದಲ್ಲಿ ಅವರು ಹೇಳಿದ್ದು ನಿಜ. ಅದಕ್ಕೇ ಅವರ ಜೊತೆ ವಾದ ಮಾಡುವುದು ಕಷ್ಟ. ಹುಳ ಸಾಕಿ ಗೆದ್ದವರು ಮನುಷ್ಯರನ್ನೂ ಅದೇ ಲೆಕ್ಕದಲ್ಲಿ ಸಾಕುತ್ತಾರೆ. ಅತ್ತೆಯ ತಾಯಿಯೂ ಹಾಗೇ, ಊರೂ ಹಾಗೇ. ನಾವೆಲ್ಲ ಜ್ವರ ಬಂದಾಗ ಉಪವಾಸ ಬಿದ್ದೇ ಬದುಕಿದ್ದೆವು. ಆದರೆ ನಮ್ಮ ಮೈಯಲ್ಲಿ ಖರ್ಚಿಗೆ ಏನಾದರೂ ಇರುತ್ತಿತ್ತು. ಇವನು ಎಲ್ಲವನ್ನೂ ಮುಳಬಾಗಿಲು ದಾರಿಯಲ್ಲೂ ಶ್ರೀನಿವಾಸಪುರದ ದಾರಿಯಲ್ಲೂ ಚೆಲ್ಲಿ ಬಂದಿದ್ದ.

ಅವನ ಸೊಂಟದ ಉಡಿದಾರ ಜಾರಿ ತೊಡೆಗೆ ಬಂತು ಅಂದರು. ಅತ್ತೆ ಹಗಲೂ ರಾತ್ರಿ ಅವನ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ನನ್ನ ನೀರು ಎರಡು ದಿನಕ್ಕೊಮ್ಮೆ ಆಯಿತು, ಆಮೇಲೆ ಮೂರು ದಿನಕ್ಕೊಮ್ಮೆ. ಹೊಟ್ಟೆಗೆ ಕಟ್ಟುವ ಬಟ್ಟೆಯನ್ನು ನಾನೇ ಒಂದು ತುದಿ ಕಿಟಕಿಯ ಸರಳಿಗೆ ಗಂಟು ಹಾಕಿ ಗಿರಗಿರ ತಿರುಗಿ ಸುತ್ತಿಕೊಳ್ಳುತ್ತಿದ್ದೆ. ಹಾಲು ಕಮ್ಮಿಯಾಗಿ ಮಗು ಅಳುತ್ತಿತ್ತು. ಊರೂರಿಗೆ ಗಾಡಿಯಲ್ಲಿ ಹೋಗಿ ಬಾಣಂತನ ಮಾಡುವ ಅತ್ತೆ ನನಗೆ ಗೋಡೆಯ ಆಚೆಯ ದನಿ ಮಾತ್ರ ಆಗಿದ್ದರು.

ಒಂದು ಮಧ್ಯಾಹ್ನ ಅವರು ನನ್ನ ಕೋಣೆಗೆ ಬಂದು ಅಟ್ಟದ ಬೆಳ್ಳುಳ್ಳಿ ಜಡೆಗೆ ಕೈ ಹಾಕಿದರು. ಅವನ ಎದೆಗೆ ಬೆಳ್ಳುಳ್ಳಿ ಸುಟ್ಟ ಎಣ್ಣೆ ಹಚ್ಚಬೇಕಂತೆ. ಅಟ್ಟದಲ್ಲಿ ಉಳಿದಿದ್ದದ್ದು ಅದೊಂದೇ ಜಡೆ. ನನಗೆ ತಡೆಯಲಿಲ್ಲ.

"ತಗೊಳ್ಳಿ ಅತ್ತೆಮ್ಮಾ, ತಗೊಳ್ಳಿ. ತುಪ್ಪ ಆಯ್ತು, ಬೆಳ್ಳುಳ್ಳಿ ಯಾಕೆ ಬಿಡ್ಬೇಕು? ಮಂಚಾನೂ ತಗೊಳ್ಳಿ, ಕೆಳಗಿನ ಕೆಂಡಾನೂ ತಗೊಳ್ಳಿ. ಅವನಿಗೇ ತಲೆ ಕಟ್ಟಿ, ಅವನಿಗೇ ನೀರು ಹಾಕಿ, ಅವನಿಗೇ ಬಾಣಂತನ ಮಾಡ್ಬಿಡಿ! ಬೆವರೋದು ನಡುಗೋದು ಹಸಿಯೋದು ಎಲ್ಲಾ ನನ್ನ ಹಾಗೇ ಮಾಡ್ತಾನಲ್ಲ, ಅವನೂ ಹೆತ್ತಿದ್ದಾನೆ ಅಂದ್ಕೊಳ್ಳಿ!"

ಅತ್ತೆಯ ಕೈ ಜಡೆಯ ಮೇಲೇ ನಿಂತಿತು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ನನ್ನ ಮುಖ ನೋಡಿದರು, ನನ್ನ ಮಣಿಕಟ್ಟು ಹಿಡಿದು ನೋಡಿದರು, ಆಮೇಲೆ ಹೊರಗೆ ಹೋಗಿ ಅವನ ಮಣಿಕಟ್ಟನ್ನೂ ಹಿಡಿದು ನೋಡಿದರಂತೆ.

"ಏನಮ್ಮಾ?" ಅಂದ ಅವನು.

"ಸುಮ್ನಿರು ಮಗಾ. ನಿಂದು ಬರೀ ಜ್ವರ ಅಲ್ಲ. ಮೈ ಬರಿದಾಗೈತೆ."

ಮಾರನೆಯ ಬೆಳಿಗ್ಗೆ ಒಲೆಯ ಮೇಲೆ ಎರಡು ಗಡಿಗೆ ಕೂತಿದ್ದವು. ಲಂಕಣ ಮುಗಿದಿತ್ತು. ಬಾಣಂತಿಗೆ ಜ್ವರ ಬಂದರೂ ನಮ್ಮತ್ತೆ ಅನ್ನ ನಿಲ್ಲಿಸುತ್ತಿರಲಿಲ್ಲ. ಹೆತ್ತ ಮೈಗೆ ಉಪವಾಸ ಆಗದು ಅನ್ನುವುದು ಅವರಿಗೆ ಡಾಕ್ಟರಿಗಿಂತ ಚೆನ್ನಾಗಿ ಗೊತ್ತಿತ್ತು. ಮಗನನ್ನು ಯಾವ ಸಾಲಿನಲ್ಲಿ ಕೂರಿಸಬೇಕು ಅನ್ನುವುದು ಮಾತ್ರ ಹೊಳೆದಿರಲಿಲ್ಲ. ನಾನು ಹೊಟ್ಟೆಕಿಚ್ಚಿಗೆ ಆಡಿದ ಮಾತು ಅವನನ್ನು ತಂದು ನನ್ನ ಸಾಲಿನಲ್ಲಿ ಕೂರಿಸಿತು.

ಅಂತೂ ನನ್ನ ಮೈದುನನಿಗೆ ಬಾಣಂತನ ಶುರುವಾಯಿತು. ಬೆಳಿಗ್ಗೆ ಹಳೆ ಅಕ್ಕಿಯ ಮೆತ್ತಗಿನ ಅನ್ನ, ಬೆಳ್ಳುಳ್ಳಿ ಮೆಣಸಿನ ಸಾರು. ಮೊದಲು ಎರಡು ತುತ್ತು, ಆಮೇಲೆ ನಾಲ್ಕು, ಆಮೇಲೆ ತಟ್ಟೆ ತುಂಬ. ಹೊತ್ತಿಗೆ ಹೊತ್ತಿಗೆ ಹಾಲು, ಕೊಬ್ಬರಿ ಬೆಲ್ಲ. ಜ್ವರ ಇಳಿದ ಮೇಲೆ ನಾಟಿ ಕೋಳಿ ಸಾರು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹಾಸಿಗೆಯ ಪಕ್ಕ ಕೆಂಡ. ಗಾಳಿಗೆ ಹೋಗುವ ಹಾಗಿಲ್ಲ, ತಣ್ಣೀರು ಮುಟ್ಟುವ ಹಾಗಿಲ್ಲ.

ಅವನ ಜೊತೆಗಾರರು ಗೆದ್ದವನನ್ನು ನೋಡಲು ಬಂದರು. ತಲೆಗೆ ಬಟ್ಟೆ ಕಟ್ಟಿಕೊಂಡು ಸಾಂಬ್ರಾಣಿ ಹೊಗೆಯಲ್ಲಿ ಕೂತಿದ್ದವನನ್ನು ಕಂಡು ಬಾಗಿಲಲ್ಲೇ ನಿಂತರು.

"ಏನ್ಲಾ ಇದು? ಗಂಡೋ ಹೆಣ್ಣೋ?" ಅಂದ ಒಬ್ಬ.

"ಬೆಳ್ಳಿ ಕಪ್ಪು ಕಣ್ರೋ" ಅಂದ ಇವನು. "ಈಗತಾನೆ ಮಲಗೈತೆ, ಮೆತ್ತಗೆ ಮಾತಾಡಿ."

"ಹಾಲು ಕುಡೀತದಾ?"

"ಅದು ಕುಡಿಯಲ್ಲ, ಅದರ ಲೆಕ್ಕದ್ದೂ ನಾನೇ ಕುಡೀತೀನಿ."

ಎಲ್ಲರೂ ನಕ್ಕರು, ಅತ್ತೆಯೂ ನಕ್ಕರು. ನನಗೂ ನಗು ಬಂತು. ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ನಿಜ ಹೇಳಬೇಕೆಂದರೆ ನನಗೂ ಊಟ ಮೊದಲಿಗಿಂತ ಸರಿಯಾಯಿತು. ಒಬ್ಬಳಿಗೆ ಅಂತ ಮಾಡುವಾಗ ಬಿಟ್ಟುಹೋಗುತ್ತಿದ್ದದ್ದು ಇಬ್ಬರಿಗೆ ಅಂತ ಮಾಡುವಾಗ ಬಿಡುತ್ತಿರಲಿಲ್ಲ. ಆದರೆ ಪಾಲು ಪಾಲೇ. ಮಗು ಅತ್ತರೆ ಅತ್ತೆ, "ತಡಿ, ಇವನಿಗೆ ಬಡಿಸಿ ಬರ್ತೀನಿ" ಅನ್ನುತ್ತಿದ್ದರು. ನೀರು ಹಾಕುವ ದಿನ ಅವನದು ಮೊದಲು, ನನ್ನದು ಆಮೇಲೆ. ನನ್ನ ಸರದಿಗೆ ಹಂಡೆಯ ತಳ ಕಾಣುತ್ತಿತ್ತು. ಬೇರೆ ನೀರು ತುಂಬಿದರೆ ಅದು ಕಾಯುವಷ್ಟರಲ್ಲಿ ಅತ್ತೆಯ ತೋಳು ಸೋತಿರುತ್ತಿತ್ತು. ಪಾಪ, ಅವರಿಗೂ ವಯಸ್ಸಾಗಿತ್ತು. ಎರಡು ಬೆನ್ನು ತಿಕ್ಕುವ ಶಕ್ತಿ ಅವರಲ್ಲಿ ಇರಲಿಲ್ಲ, ಒಂದಕ್ಕೆ ಇತ್ತು. ಅದನ್ನು ಎಲ್ಲಿ ಖರ್ಚು ಮಾಡಬೇಕು ಅನ್ನುವುದನ್ನು ಅವರು ಯೋಚಿಸಿದವರೇ ಅಲ್ಲ. ಕೈ ತಾನಾಗಿ ಅತ್ತ ಹೋಗುತ್ತಿತ್ತು.

ಬಾಣಂತನ ಅವನ ಮೈಗೆ ಹಿಡಿಯಿತು, ನನಗಿಂತ ಬೇಗ ಹಿಡಿಯಿತು. ಹಿಮ್ಮಡಿ ಒಣಗಿತು, ಬಾಯಿ ಹುಣ್ಣು ಮಾಯಿತು, ಕುರು ಒಡೆದು ಕಲೆಯಾಯಿತು. ಶಿವರಾತ್ರಿ ಕಳೆದು ಬಿಸಿಲು ಏರುವಷ್ಟರಲ್ಲಿ ಕೆನ್ನೆಗೆ ಬಣ್ಣ ಬಂತು. ಊರಿನ ಹೆಂಗಸರು ಬಂದು ಬಾಗಿಲಲ್ಲಿ ಇಣುಕಿ, "ಏನಮ್ಮಾ, ಗಂಡು ಮಗನಿಗೂ ಬಾಣಂತನ ಮಾಡಿ ಎಬ್ಬಿಸ್ಬಿಟ್ಯಲ್ಲ" ಅಂತ ಅತ್ತೆಯನ್ನು ಹೊಗಳಿದರು.

"ನನಗೇ ಹೊಳೀತು ಕಣಮ್ಮಾ" ಅಂದರು ಅತ್ತೆ. "ಒಂದಿನ ಬೆಳ್ಳುಳ್ಳಿ ತಗೋತಾ ಇದ್ದೆ, ಹಂಗೇ ಹೊಳೀತು."

ಈಚೆ ನಾನು ಮಗುವಿಗೆ ಹಾಲು ಕೊಡುತ್ತ ಕೂತಿದ್ದೆ. ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ, ಎಂಥ ಹೊಟ್ಟೆ ಉರಿಯಿಂದ ಆಡಿದ ಮಾತು ಅದು ಅನ್ನುವುದನ್ನೂ ಹೇಳಬೇಕಾಗುತ್ತಿತ್ತು.

ನನ್ನ ಮೂರು ತಿಂಗಳು ಮುಗಿಯಲು ಇನ್ನು ಕೆಲವೇ ದಿನ ಇತ್ತು. ಒಂದು ಬೆಳಿಗ್ಗೆ ಅವನು ತಲೆಯ ಬಟ್ಟೆ ಬಿಚ್ಚಿ ಗೂಟಕ್ಕೆ ಹಾಕಿ, "ಅಮ್ಮಾ, ನಾನು ತೋಟಕ್ಕೆ ಹೋಗ್ತೀನಿ" ಅಂದ. ಅತ್ತೆ ಎರಡು ಸಲ ಬೇಡ ಅಂದರು, ಮೂರನೆಯ ಸಲ ಹೂಂ ಅಂದರು. ಅವನು ಹೋದ ಮೇಲೆ ಮನೆ ಸದ್ದಿಲ್ಲದೆ ಹಗುರವಾಯಿತು. ಸ್ವಲ್ಪ ಹೊತ್ತಿಗೆ ಅವರು ನನ್ನ ಕೋಣೆಯ ಬಾಗಿಲಿಗೆ ಬಂದು ಸೆರಗು ಸಿಕ್ಕಿಸಿಕೊಂಡು, "ಏಳಮ್ಮಾ, ನೀರು ಕಾದಿದೆ. ಇವತ್ತು ನೀನೊಬ್ಬಳೇ" ಅಂದರು.

ಹಂಡೆ ಕಂಠದವರೆಗೆ ತುಂಬಿತ್ತು. ಮೈಗೆಲ್ಲ ಹರಳೆಣ್ಣೆ ಹಾಕಿ ಬೆನ್ನ ಮೂಳೆ ಮೂಳೆಯನ್ನೂ ಹೆಬ್ಬೆರಳಿನಿಂದ ಒತ್ತಿದರು. ಶಿವಾರಪಟ್ಟಣದವರು, ಮಾಸ್ತಿಯವರು ಯಾಕೆ ಗಾಡಿ ಕಟ್ಟಿಕೊಂಡು ಬರುತ್ತಿದ್ದರು ಅನ್ನುವುದು ನನ್ನ ಸೊಂಟಕ್ಕೆ ಅವತ್ತು ಅರ್ಥವಾಯಿತು. ಕೈ ತಡೆಯಲಾರದಷ್ಟು ಬಿಸಿ ನೀರನ್ನು ಎತ್ತರದಿಂದ ಸೊಂಟಕ್ಕೆ ಬೀಸಿ ಹೊಡೆದರು. ಹೊಡೆಯುತ್ತ ಹೊಡೆಯುತ್ತ ಮಾತಾಡಿದರು. "ಅವನ ಬೆನ್ನು ಈಗ ತುಂಬ್ಕೊಂಡೈತೆ ಕಣೇ. ಮೊದಲು ಒಂದೊಂದು ಮೂಳೆ ಎಣಿಸ್ಬಹುದಾಗಿತ್ತು. ನಿನ್ನೆ ತಿಕ್ಕುವಾಗ ನೋಡ್ದೆ, ಎಷ್ಟು ಚೆನ್ನಾಗಿ..."

ಎಣ್ಣೆ ನನ್ನ ಬೆನ್ನಿಗೆ, ಮಾತು ಅವನ ಬೆನ್ನಿಗೆ. ಆದರೆ ನೀರು ಬಿಸಿಯಾಗಿತ್ತು. ಸೀಗೆ ಹಾಕಿ ಪೂರ್ತಿ ತೊಳೆದರು, ಒಂದು ಹನಿಯೂ ಕಣ್ಣಿಗೆ ಇಳಿಯದ ಹಾಗೆ.

"ಸಾಕಾ?" ಅಂದರು.

"ಇನ್ನೆರಡು ಚೊಂಬು ಹಾಕಿ ಅತ್ತೆಮ್ಮಾ."

ಹಾಕಿದರು.

"ಸಾಕಾ?"

"ಸೊಂಟಕ್ಕೆ ಇನ್ನೆರಡು."

"ಅವನು ಬಂದು ಕಾಲು ಮುಖ ತೊಳೀಬೇಕಲ್ಲಮ್ಮಾ" ಅಂದರು. ನಾನು ಕೇಳಿಸದವಳ ಹಾಗೆ ಬೆನ್ನು ಬಾಗಿಸಿ ಕೂತೇ ಇದ್ದೆ. ಬೆನ್ನು ಒಡ್ಡಿ ಕೂತ ಬಾಣಂತಿಯನ್ನು ನೀರು ಇರುವಾಗ ಎಬ್ಬಿಸಿ ಅವರಿಗೆ ಅಭ್ಯಾಸವಿಲ್ಲ. ಚೊಂಬು ಹಂಡೆಯ ತಳಕ್ಕೆ ತಗುಲಿ ಠಣ್ ಅಂದಾಗ ಎದ್ದೆ.

ಕೋಣೆಗೆ ಬಂದು ತಲೆಗೆ ಬಟ್ಟೆ ಕಟ್ಟಿಸಿಕೊಂಡು ಮಗುವಿನ ಪಕ್ಕ ಮಲಗಿದೆ. ಮೈಯೆಲ್ಲ ಹೊಸದಾಗಿ ನೇಯ್ದ ಹಾಗಿತ್ತು. ಮಧ್ಯಾಹ್ನ ಅವನು ತೋಟದಿಂದ ಬಂದ. ಬಚ್ಚಲಿಗೆ ಹೋದ, ಹಂಡೆಯೊಳಗೆ ಇಣುಕಿದ, ಹೊರಗೆ ಬಂದು ನನ್ನ ಕಿಟಕಿಯ ಹತ್ತಿರ ನಿಂತ.

"ಅತ್ಗೆ, ಬಿಸ್ನೀರು ಒಂದು ಚೊಂಬೂ ಇಲ್ವಾ?"

"ಇಲ್ಲಪ್ಪಾ" ಅಂದೆ. "ಬಾವಿ ಐತೆ ನೋಡು."

ಅವನು ನಕ್ಕು ಬಾವಿಗೆ ಹೋದ. ರಾಟೆ ಕಿರುಗುಟ್ಟಿತು. ಒಂದು ಕೊಡ, ಇನ್ನೊಂದು ಕೊಡ, ತಣ್ಣೀರು ತಲೆಯಿಂದಲೇ ಸುರಿದುಕೊಂಡ ಸದ್ದು ಕೇಳಿಸಿತು. ನಾನು ಕಿವಿಯ ಹತ್ತಿ ತೆಗೆದು ಕಾದೆ.

ಬಹಳ ಹೊತ್ತು ಕಾದೆ. ಅವನು ಸೀನಲೇ ಇಲ್ಲ.